ಮನೆಯ ಪ್ರಿಂಟರಿಗೆ ನಿಸ್ತಂತು ಸಂಪರ್ಕ: ವರ್ತಕರು ತಿಳಿದಿರಬೇಕಾದ ಅಂಶಗಳು

ಚಿನ್ನದ ಗಣಿಗಳ ಕಾರಣದಿಂದ ಕೋಲಾರ ಜಿಲ್ಲೆಯ ಈ ಭಾಗಕ್ಕೆ ತಂತಿಯೂ ಕೊಳವೆಯೂ ಬಹು ಹಿಂದೆಯೇ ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಗಣಿಗಳನ್ನು ತಲುಪಿತು. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರು ಕೊಳವೆಗಳ ಮೂಲಕ ಗಣಿ ಪಟ್ಟಣಕ್ಕೆ ಹರಿಯಿತು. ಈಗ ಬೇತಮಂಗಲ, ಬಂಗಾರಪೇಟೆ, ಕೆ.ಜಿ.ಎಫ್.ಗಳ ಸಣ್ಣ ವರ್ತಕರ ಮನೆಗಳಿಗೂ ಅಂತರಜಾಲದ ಫೈಬರ್ ತಂತಿ ಬಂದಿದೆ. ಆ ತಂತಿ ಗೋಡೆಯ ಮೇಲಿನ ಒಂದು ಪೆಟ್ಟಿಗೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ತಂತಿಯಿಲ್ಲದೆ, ರೇಡಿಯೋ ಅಲೆಗಳ ಮೂಲಕ ನಡೆಯುತ್ತದೆ.

ಕೆಳಗೆ ಅಂಗಡಿ, ಮೇಲೆ ಮನೆ ಎಂಬ ವ್ಯವಸ್ಥೆ ಇಲ್ಲಿನ ವರ್ತಕರಲ್ಲಿ ಸಾಮಾನ್ಯ. ಮಕ್ಕಳ ಓದಿಗೆಂದು ಮನೆಗೆ ತಂದ ಪ್ರಿಂಟರೇ ಕ್ರಮೇಣ ಅಂಗಡಿಯ ಬಿಲ್ಲುಗಳನ್ನೂ ಮುದ್ರಿಸತೊಡಗುತ್ತದೆ. ಸಂಪರ್ಕ ಕಲ್ಪಿಸಿಕೊಟ್ಟ ಮಗನೋ ಸೋದರಳಿಯನೋ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಮಧ್ಯಾಹ್ನ ವಿದ್ಯುತ್ ಹೋಗಿ ಬಂದ ಮೇಲೆ ಗಣಕಯಂತ್ರದ ಪರದೆಯ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಎಂಬ ಸೂಚನೆ ಕಾಣಿಸುತ್ತದೆ. ಸರಕು ತುಂಬಿದ ವಾಹನ ಬಾಗಿಲಲ್ಲಿ ನಿಂತಿರುತ್ತದೆ. ಪ್ರಿಂಟರನ್ನು ಮೊದಲ ಬಾರಿಗೆ ಜಾಲಕ್ಕೆ ಸೇರಿಸುವುದು ಹತ್ತು ನಿಮಿಷದ ಕೆಲಸ. ಆ ಸಂಪರ್ಕ ಪ್ರತಿದಿನವೂ ಉಳಿಯುವಂತೆ ನೋಡಿಕೊಳ್ಳುವುದೇ ವ್ಯಾಪಾರಕ್ಕೆ ಮುಖ್ಯವಾದುದು. ಎರಡನ್ನೂ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಕಾಗದದ ಬಿಲ್ ಇನ್ನೂ ಏಕೆ ಬೇಕು?

ಎಲ್ಲವೂ ಮೊಬೈಲಿನಲ್ಲಿ ನಡೆಯುವ ಈ ಕಾಲದಲ್ಲಿ ಪ್ರಿಂಟರಿನ ಅಗತ್ಯವೇನು ಎಂಬ ಪ್ರಶ್ನೆ ಸಹಜ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ನಿಯಮ 48ರ ಪ್ರಕಾರ, ಸರಕಿನ ಮಾರಾಟಕ್ಕೆ ತೆರಿಗೆ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಸಿದ್ಧಪಡಿಸಬೇಕು. ಮೂಲ ಪ್ರತಿ ಖರೀದಿದಾರರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಾಟಗಾರರಿಗೆ.

ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕಾಗುತ್ತದೆ. ಕರ್ನಾಟಕದೊಳಗಿನ ಸಾಗಣೆಗೆ ಈ ಪದ್ಧತಿ 2018ರ ಏಪ್ರಿಲ್ 1ರಿಂದಲೇ ಜಾರಿಗೆ ಬಂದಿತು. ಇ-ವೇ ಬಿಲ್ಲನ್ನು ಚಾಲಕರು ಮೊಬೈಲಿನಲ್ಲಿ ತೋರಿಸಿದರೂ ಸಾಕು. ಆದರೆ ಅದರೊಂದಿಗೆ ತೆರಿಗೆ ಬಿಲ್ಲೂ ಇರಬೇಕು. ಇ-ಇನ್‌ವಾಯ್ಸ್ ಪದ್ಧತಿಗೆ ಒಳಪಟ್ಟವರು ಕ್ಯೂ.ಆರ್. ಸಂಕೇತವನ್ನು ಮೊಬೈಲಿನಲ್ಲಿ ತೋರಿಸಿ ಕಾಗದದ ಬಿಲ್ಲಿನಿಂದ ವಿನಾಯಿತಿ ಪಡೆಯಬಹುದು. ಈ ಪದ್ಧತಿ 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಾರ್ಷಿಕ ವಹಿವಾಟಿನವರಿಗೆ ಅನ್ವಯಿಸುತ್ತದೆ. ಅದಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ವರ್ತಕರಿಗೆ ಕಾಗದದ ಬಿಲ್ಲೇ ಆಧಾರ.

‘50,000 ರೂಪಾಯಿಗಿಂತ ಕಡಿಮೆಯಾದರೆ ಯಾವ ಕಾಗದವೂ ಬೇಡ’ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಇ-ವೇ ಬಿಲ್ ಬೇಡವಾದ ಸಾಗಣೆಯಲ್ಲಿಯೂ ವಾಹನದಲ್ಲಿ ಬಿಲ್ಲಿನ ಪ್ರತಿ ಇರಬೇಕೆಂದು ನಿಯಮ 55ಎ ಹೇಳುತ್ತದೆ. ದಾಖಲೆಯಿಲ್ಲದ ಸರಕನ್ನು ಕಲಂ 129ರ ಅಡಿಯಲ್ಲಿ ತಡೆಹಿಡಿಯಲು ಅವಕಾಶವಿದೆ. 2022ರ ಜನವರಿ 1ರಿಂದ, ಮಾಲೀಕರೇ ಮುಂದೆ ಬಂದು ಸರಕು ಬಿಡಿಸಿಕೊಳ್ಳುವುದಾದರೆ ದಂಡ ತೆರಿಗೆಯ ಶೇಕಡಾ 200. ಉದಾಹರಣೆಗೆ, 40,000 ರೂಪಾಯಿ ಮೌಲ್ಯದ, ಶೇಕಡಾ 18 ತೆರಿಗೆಯ ಸರಕಿಗೆ ತೆರಿಗೆ 7,200 ರೂಪಾಯಿ, ದಂಡ 14,400 ರೂಪಾಯಿ. ಆಂಧ್ರಪ್ರದೇಶದ ಗಡಿಗೆ ಸಮೀಪವಿರುವ ಬೇತಮಂಗಲದಂತಹ ಊರಿನಲ್ಲಿ ಸಾಗಣೆ ಹೊರರಾಜ್ಯಕ್ಕೂ ನಡೆಯುತ್ತದೆ. ಪ್ರಿಂಟರ್ ಕೆಟ್ಟಿತ್ತು ಎಂಬ ಕಾರಣ ತಪಾಸಣೆಯ ವೇಳೆ ದಾಖಲೆಯಾಗುವುದಿಲ್ಲ.

ನಿಸ್ತಂತು ಜಾಲದ ಸ್ವರೂಪ

ಗೋಡೆಯ ಮೇಲಿನ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದು ಮನೆಯ ಪ್ರತಿಯೊಂದು ಉಪಕರಣಕ್ಕೂ ಒಂದು ವಿಳಾಸ ಕೊಟ್ಟು, ಒಂದರಿಂದ ಮತ್ತೊಂದಕ್ಕೆ ಮಾಹಿತಿ ತಲುಪಿಸುತ್ತದೆ. ಅಂಚೆ ಕಚೇರಿಯ ಕೆಲಸಕ್ಕೆ ಇದನ್ನು ಹೋಲಿಸಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗಣಕಯಂತ್ರದಿಂದ ಪ್ರಿಂಟರಿಗೆ ಬಿಲ್ ಹೋಗಲು ಹೊರಗಿನ ಅಂತರಜಾಲ ಬೇಕಿಲ್ಲ. ಫೈಬರ್ ತಂತಿ ತುಂಡಾಗಿದ್ದರೂ ರೂಟರಿಗೆ ವಿದ್ಯುತ್ ಇದ್ದರೆ ಮನೆಯೊಳಗಿನ ಮುದ್ರಣ ಸಾಮಾನ್ಯವಾಗಿ ನಡೆಯುತ್ತದೆ.

ವೈ-ಫೈ ಸಾಮಾನ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. 5 ಗಿಗಾಹರ್ಟ್ಸ್ ಹೆಚ್ಚು ವೇಗದ್ದು, ಆದರೆ ಗೋಡೆಗಳನ್ನು ದಾಟುವಲ್ಲಿ ದುರ್ಬಲ. 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ತಲುಪುತ್ತದೆ. ಬಿಲ್ ಮುದ್ರಣಕ್ಕೆ ವೇಗಕ್ಕಿಂತ ತಲುಪುವುದೇ ಮುಖ್ಯ. ಮನೆಗಾಗಿ ಮಾರಾಟವಾಗುವ ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸನ್ನು ಮಾತ್ರ ಗುರುತಿಸಬಲ್ಲವು.

ಸಂಪರ್ಕಕ್ಕೆ ಮೊದಲು ನೋಡಬೇಕಾದ ಸಂಗತಿಗಳು

ಮೊದಲನೆಯದು, ಸ್ಥಳ. ನಮ್ಮ ಕಡೆಯ ಹಳೆಯ ಕಟ್ಟಡಗಳ ಕಲ್ಲಿನ ಗೋಡೆ, ಚಪ್ಪಡಿ, ಕಾಂಕ್ರೀಟ್ ತಾರಸಿ ಇವೆಲ್ಲ ಅಲೆಗಳನ್ನು ಕುಗ್ಗಿಸುತ್ತವೆ. ಕಬ್ಬಿಣದ ಬೀರು, ರೋಲಿಂಗ್ ಷಟರ್, ಉಕ್ಕಿನ ಕಪಾಟುಗಳು ಅವುಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ತೇವಾಂಶವುಳ್ಳ ಧಾನ್ಯದ ಮೂಟೆಗಳ ರಾಶಿಯೂ ಅಲೆಗಳನ್ನು ಹೀರುತ್ತದೆ. ಗೋದಾಮು ಖಾಲಿಯಿದ್ದಾಗ ಕೆಲಸ ಮಾಡಿದ ಪ್ರಿಂಟರ್ ಸುಗ್ಗಿಯಲ್ಲಿ ಮೂಟೆ ತುಂಬಿದಾಗ ನಿಂತುಹೋದರೆ ಆಶ್ಚರ್ಯವಿಲ್ಲ. ರೂಟರನ್ನು ಬೀರುವಿನ ಹಿಂದೆಯಾಗಲಿ ನೆಲದ ಮೇಲಾಗಲಿ ಇಡದೆ, ಎತ್ತರದಲ್ಲಿ, ಮೆಟ್ಟಿಲಿನ ತೆರಪಿನ ಬಳಿ ಇಡುವುದು ಉತ್ತಮ.

ಎರಡನೆಯದು, ಜಾಲದ ಹೆಸರು. ಕೆಲವು ರೂಟರುಗಳಲ್ಲಿ ಎರಡೂ ಪಟ್ಟಿಗಳಿಗೆ ಒಂದೇ ಹೆಸರಿರುತ್ತದೆ. ಪ್ರಿಂಟರ್ ಸೇರಲು ನಿರಾಕರಿಸಿದರೆ ರೂಟರಿನಲ್ಲಿ 2.4 ಗಿಗಾಹರ್ಟ್ಸಿಗೆ ಬೇರೆ ಹೆಸರು ಕೊಟ್ಟು ಪ್ರಯತ್ನಿಸಬೇಕು.

ಮೂರನೆಯದು, ಭದ್ರತೆಯ ವಿಧಾನ. 2018ರಲ್ಲಿ ಬಂದ ‘ಡಬ್ಲ್ಯು.ಪಿ.ಎ.3’ ಎಂಬ ಹೊಸ ವಿಧಾನವನ್ನು ಹಳೆಯ ಪ್ರಿಂಟರುಗಳು ತಿಳಿಯವು. ರೂಟರಿನಲ್ಲಿ ಅದನ್ನು ಮಾತ್ರ ಆರಿಸಿದ್ದರೆ ಗುಪ್ತಪದ ಸರಿಯಿದ್ದರೂ ಸಂಪರ್ಕ ಸಿಗುವುದಿಲ್ಲ. ಎರಡು ಮತ್ತು ಮೂರರ ಮಿಶ್ರ ವಿಧಾನವನ್ನು ಆರಿಸಬೇಕು.

ಸಂಪರ್ಕಿಸುವ ನಾಲ್ಕು ವಿಧಾನಗಳು

(1) ಪ್ರಿಂಟರಿನ ಪರದೆಯ ಮೂಲಕ: ಚಿಕ್ಕ ಪರದೆಯುಳ್ಳ ಪ್ರಿಂಟರುಗಳಲ್ಲಿ ವೈ-ಫೈ ವಿಭಾಗಕ್ಕೆ ಹೋಗಿ, ಜಾಲದ ಹೆಸರನ್ನು ಆರಿಸಿ, ಗುಪ್ತಪದ ನಮೂದಿಸಬೇಕು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳು ಬೇರೆ ಬೇರೆ ಎಂಬುದನ್ನು ಮರೆಯಬಾರದು.

(2) ಗುಂಡಿ ಒತ್ತುವ ವಿಧಾನ: ರೂಟರ್ ಮತ್ತು ಪ್ರಿಂಟರ್ ಎರಡರಲ್ಲೂ ‘ಡಬ್ಲ್ಯು.ಪಿ.ಎಸ್.’ ಗುಂಡಿಯಿದ್ದರೆ ಒಂದನ್ನು ಒತ್ತಿದ ಎರಡು ನಿಮಿಷದೊಳಗೆ ಇನ್ನೊಂದನ್ನು ಒತ್ತಬೇಕು. ಗುಪ್ತಪದದ ಅಗತ್ಯವಿಲ್ಲ. ಪರದೆಯಿಲ್ಲದ ಅಗ್ಗದ ಪ್ರಿಂಟರುಗಳಿಗೆ ಇದು ಅನುಕೂಲ.

(3) ಮೊಬೈಲ್ ಆ್ಯಪ್ ಮೂಲಕ: ಪ್ರಿಂಟರ್ ತಯಾರಕರು ನೀಡುವ ಆ್ಯಪ್ ಮೊಬೈಲಿನಿಂದ ಜಾಲದ ವಿವರಗಳನ್ನು ಪ್ರಿಂಟರಿಗೆ ರವಾನಿಸುತ್ತದೆ. ಆ ವೇಳೆಯಲ್ಲಿ ಮೊಬೈಲ್ ಅದೇ ಮನೆಯ ಜಾಲದಲ್ಲಿ, ಸಾಧ್ಯವಾದರೆ 2.4 ಗಿಗಾಹರ್ಟ್ಸಿನಲ್ಲಿ ಇರಬೇಕು. ಮೊಬೈಲಿನ ಡೇಟಾವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ಒಳ್ಳೆಯದು.

(4) ಯು.ಎಸ್.ಬಿ. ತಂತಿಯ ನೆರವಿನಿಂದ: ಕೆಲವು ಪ್ರಿಂಟರುಗಳನ್ನು ಮೊದಲು ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿ, ತಯಾರಕರ ತಂತ್ರಾಂಶದ ಮೂಲಕ ಜಾಲದ ವಿವರ ಕೊಟ್ಟು, ಬಳಿಕ ತಂತಿಯನ್ನು ತೆಗೆಯಬಹುದು.

ಯಾವ ವಿಧಾನವಾದರೂ, ಮುಗಿದ ಕೂಡಲೇ ಪ್ರಿಂಟರಿನಿಂದ ‘ನೆಟ್‌ವರ್ಕ್ ವಿವರ’ದ ಹಾಳೆಯನ್ನು ಮುದ್ರಿಸಿಕೊಳ್ಳಬೇಕು. ಅದರಲ್ಲಿ ಜಾಲದ ಹೆಸರು, ಐ.ಪಿ. ವಿಳಾಸ ಮತ್ತು ಮ್ಯಾಕ್ ವಿಳಾಸ ಇರುತ್ತವೆ. ನಂತರ ಗಣಕಯಂತ್ರದ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ವಿಭಾಗದಲ್ಲಿ ಪ್ರಿಂಟರನ್ನು ಸೇರಿಸಬೇಕು.

ವಿದ್ಯುತ್ ಹೋಗಿ ಬಂದ ಮೇಲೆ ಪ್ರಿಂಟರ್ ಕಾಣದಿರುವುದೇಕೆ?

ಬಹುಪಾಲು ವರ್ತಕರ ದೂರು ಇದೇ. ಕಾರಣ ಸರಳವಾಗಿದೆ. ಐ.ಪಿ. ವಿಳಾಸವು ಬಾಡಿಗೆ ಮನೆಯಂತೆ. ರೂಟರ್ ಅದನ್ನು ನಿರ್ದಿಷ್ಟ ಅವಧಿಗೆ ಮಾತ್ರ ಕೊಡುತ್ತದೆ. ಮ್ಯಾಕ್ ವಿಳಾಸವು ತಯಾರಿಕೆಯಲ್ಲಿಯೇ ಉಪಕರಣಕ್ಕೆ ಕೊಟ್ಟ ಗುರುತು, ಅದು ಬದಲಾಗುವುದಿಲ್ಲ. ವಿದ್ಯುತ್ ಹೋಗಿ ಬಂದಾಗ ರೂಟರ್ ಹೊಸದಾಗಿ ವಿಳಾಸ ಹಂಚುತ್ತದೆ. ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇಂದು 192.168.1.8 ಆಗಬಹುದು. ಮನೆಯವರ ಮೊಬೈಲಿಗೆ ಹಳೆಯ ವಿಳಾಸ ಹೋಗಿರಬಹುದು. ಗಣಕಯಂತ್ರ ಮಾತ್ರ ಹಳೆಯ ವಿಳಾಸಕ್ಕೇ ಬಿಲ್ಲನ್ನು ಕಳುಹಿಸಿ, ಉತ್ತರ ಬಾರದಿದ್ದಾಗ ‘ಆಫ್‌ಲೈನ್’ ಎನ್ನುತ್ತದೆ. ಪ್ರಿಂಟರಿನಲ್ಲಿ ದೋಷವೇನೂ ಇರುವುದಿಲ್ಲ.

ಇದಕ್ಕೆ ಶಾಶ್ವತ ಪರಿಹಾರವೆಂದರೆ ಪ್ರಿಂಟರಿಗೆ ವಿಳಾಸವನ್ನು ಕಾಯ್ದಿರಿಸುವುದು. ಗಣಕಯಂತ್ರದ ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು ನಮೂದಿಸಿ ಒಳಗೆ ಹೋಗಬೇಕು. ಅನೇಕ ರೂಟರುಗಳಲ್ಲಿ ಅದು 192.168.1.1 ಆಗಿದ್ದು, ಪೆಟ್ಟಿಗೆಯ ತಳದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಅಲ್ಲಿ ‘ಡಿ.ಎಚ್.ಸಿ.ಪಿ. ರಿಸರ್ವೇಶನ್’ ಎಂಬ ವಿಭಾಗದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸದ ಎದುರು ಒಂದು ಐ.ಪಿ. ವಿಳಾಸವನ್ನು, ಉದಾಹರಣೆಗೆ 192.168.1.50 ಎಂದು, ನಮೂದಿಸಿ ಉಳಿಸಬೇಕು. ಪ್ರಿಂಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಆ ವಿಳಾಸ ಅದಕ್ಕೆ ಸಿಗುತ್ತದೆ. ಅನಂತರ ಗಣಕಯಂತ್ರದಲ್ಲಿರುವ ಹಳೆಯ ಪ್ರಿಂಟರಿನ ಹೆಸರನ್ನು ಅಳಿಸಿ, ಈ ವಿಳಾಸದ ಮೂಲಕವೇ ಮತ್ತೆ ಸೇರಿಸಬೇಕು. ಆ ಮೇಲೆ ವಿದ್ಯುತ್ ಎಷ್ಟು ಬಾರಿ ಹೋಗಿ ಬಂದರೂ ವಿಳಾಸ ಬದಲಾಗದು.

ಹಳೆಯ ಹೆಸರನ್ನು ಅಳಿಸದೆ ಬಿಟ್ಟರೆ ಗಣಕಯಂತ್ರದಲ್ಲಿ ಒಂದೇ ಪ್ರಿಂಟರ್ ಎರಡು ಹೆಸರಿನಲ್ಲಿ ಉಳಿಯುತ್ತದೆ. ಲೆಕ್ಕಪತ್ರದ ತಂತ್ರಾಂಶವು ಹಳೆಯ ಹೆಸರಿಗೇ ಬಿಲ್ ಕಳುಹಿಸುತ್ತಿರುತ್ತದೆ. ಆದ್ದರಿಂದ ತಂತ್ರಾಂಶದೊಳಗೂ ಸರಿಯಾದ ಪ್ರಿಂಟರನ್ನು ಆರಿಸಿ, ಒಂದು ಪರೀಕ್ಷಾ ಬಿಲ್ ಮುದ್ರಿಸಿ ನೋಡುವುದು ಅಗತ್ಯ.

ರೂಟರಿಗೆ ಒಂದು ಚಿಕ್ಕ ಯು.ಪಿ.ಎಸ್. ಇಟ್ಟರೆ ಅರ್ಧದಷ್ಟು ತೊಂದರೆ ಮೊದಲೇ ನಿವಾರಣೆಯಾಗುತ್ತದೆ. ಆದರೆ ಲೇಸರ್ ಪ್ರಿಂಟರನ್ನು ಅಂತಹ ಚಿಕ್ಕ ಯು.ಪಿ.ಎಸ್.ಗೆ ಜೋಡಿಸಬಾರದು. ಶಾಯಿಪುಡಿಯನ್ನು ಕಾಗದಕ್ಕೆ ಬೆಸೆಯುವ ಅದರ ಕಾವಿನ ಭಾಗವು ನೂರಾರು ವಾಟ್ ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತದೆ. ಶಾಯಿ ತೊಟ್ಟಿಯ ಇಂಕ್‌ಜೆಟ್ ಪ್ರಿಂಟರುಗಳಿಗೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ.

ತೊಂದರೆಯ ಲಕ್ಷಣಗಳು ಮತ್ತು ಪರಿಹಾರ

• ಪ್ರಿಂಟರಿನ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ. ಮೊದಲು ರೂಟರನ್ನು, ಎರಡು ಮೂರು ನಿಮಿಷ ಬಿಟ್ಟು ಪ್ರಿಂಟರನ್ನು ಹೊತ್ತಿಸಬೇಕು.

• ಪ್ರಿಂಟರ್ ಜಾಲದಲ್ಲಿದ್ದರೂ ಮೊಬೈಲಿಗೆ ಕಾಣದಿದ್ದರೆ, ಎರಡರಲ್ಲೊಂದು ‘ಅತಿಥಿ ಜಾಲ’ಕ್ಕೆ ಸೇರಿದೆಯೇ ಎಂದು ನೋಡಬೇಕು. ಅತಿಥಿ ಜಾಲದಲ್ಲಿರುವ ಉಪಕರಣಗಳು ಸಾಮಾನ್ಯವಾಗಿ ಇತರ ಉಪಕರಣಗಳನ್ನು ಕಾಣಲಾರವು.

• ಬೆಳಗ್ಗೆ ಕೆಲಸ ಮಾಡಿ ಸಂಜೆ ನಿಲ್ಲುತ್ತಿದ್ದರೆ ಅಲೆಯ ಬಲ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಪ್ರಿಂಟರನ್ನು ಒಂದು ದಿನ ರೂಟರಿನ ಪಕ್ಕದಲ್ಲಿಟ್ಟು ಪರೀಕ್ಷಿಸಿದರೆ ತಿಳಿಯುತ್ತದೆ.

• ಅಂತರಜಾಲ ಸಂಸ್ಥೆಯವರು ರೂಟರನ್ನೇ ಬದಲಿಸಿದರೆ ಹೊಸ ಪೆಟ್ಟಿಗೆಗೂ ಹಳೆಯ ಜಾಲದ ಹೆಸರು ಮತ್ತು ಗುಪ್ತಪದವನ್ನೇ ಕೊಡಿಸಬೇಕು. ಆಗ ಉಪಕರಣಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಕಾಯ್ದಿರಿಸಿದ ವಿಳಾಸವನ್ನು ಮಾತ್ರ ಹೊಸದಾಗಿ ನಮೂದಿಸಬೇಕು.

• ಯಾವುದೂ ಫಲಿಸದೆ ವಾಹನ ಕಾಯುತ್ತಿದ್ದರೆ ಯು.ಎಸ್.ಬಿ. ತಂತಿಯನ್ನು ಜೋಡಿಸಿ ಮುದ್ರಿಸಬೇಕು. ಆ ತಂತಿಯನ್ನು ಪ್ರಿಂಟರಿನ ಬಳಿಯೇ ಇಟ್ಟುಕೊಂಡಿರುವುದು ಜಾಣತನ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಉಳ್ಳವರು

ಮೂರು ಪ್ರತಿಗಳನ್ನು ಒಂದೇ ಏಟಿಗೆ ಕೊಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಅನೇಕ ಮಂಡಿಗಳು, ಗಿರಣಿಗಳು ಇಂದಿಗೂ ಬಿಟ್ಟಿಲ್ಲ. ಅವುಗಳಲ್ಲಿ ಹೆಚ್ಚಿನವುಗಳಿಗೆ ವೈ-ಫೈ ಇಲ್ಲ. ಆದರೂ ಅವುಗಳನ್ನು ತಂತಿಯಿಂದ ಅಂಗಡಿಯ ಗಣಕಯಂತ್ರಕ್ಕೆ ಜೋಡಿಸಿ, ಆ ಗಣಕಯಂತ್ರದ ಮೂಲಕ ‘ಶೇರಿಂಗ್’ ವ್ಯವಸ್ಥೆ ಮಾಡಿದರೆ ಮೇಲಿನ ಮನೆಯ ಗಣಕಯಂತ್ರದಿಂದಲೂ ಮುದ್ರಿಸಬಹುದು. ಅಂಗಡಿಯ ಗಣಕಯಂತ್ರ ಚಾಲೂ ಇರಬೇಕು ಎಂಬುದಷ್ಟೇ ಷರತ್ತು. ಪ್ರಿಂಟ್ ಸರ್ವರ್ ಎಂಬ ಚಿಕ್ಕ ಸಾಧನವನ್ನು ಬಳಸಿದರೆ ಆ ಷರತ್ತೂ ಇಲ್ಲ. ಆದರೆ ಅದು ಆ ಪ್ರಿಂಟರಿಗೆ ಹೊಂದುತ್ತದೆಯೇ ಎಂದು ಖರೀದಿಗೆ ಮೊದಲು ಖಚಿತಪಡಿಸಿಕೊಳ್ಳಬೇಕು. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ವೈ-ಫೈ ಇಲ್ಲವೆಂಬ ಒಂದೇ ಕಾರಣಕ್ಕೆ ಬದಲಿಸುವ ಅಗತ್ಯವಿಲ್ಲ.

ಭದ್ರತೆಯ ವಿಷಯ

ಬಿಲ್ಲಿನಲ್ಲಿ ಗಿರಾಕಿಗಳ ಹೆಸರು, ನೋಂದಣಿ ಸಂಖ್ಯೆ, ದರ, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಇರುತ್ತವೆ. ವೈ-ಫೈ ಗುಪ್ತಪದವನ್ನು ಅಂಗಡಿಗೆ ಬಂದವರಿಗೆಲ್ಲ ಕೊಡುವುದು ಲೆಕ್ಕದ ಪುಸ್ತಕವನ್ನು ಕಟ್ಟೆಯ ಮೇಲೆ ತೆರೆದಿಟ್ಟಂತೆ. ಗಿರಾಕಿಗಳಿಗೆ, ಬಂಧುಗಳಿಗೆ ಅತಿಥಿ ಜಾಲವನ್ನು ಬೇರೆಯಾಗಿ ಇಡಬಹುದು. ರೂಟರಿನ ಒಳಗೆ ಹೋಗುವ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಗುಂಡಿ ಒತ್ತುವ ವಿಧಾನದ ಜೊತೆಗಿರುವ ಎಂಟು ಅಂಕಿಗಳ ‘ಪಿನ್’ ವ್ಯವಸ್ಥೆಯ ದೌರ್ಬಲ್ಯ 2011ರಲ್ಲಿಯೇ ಬಹಿರಂಗವಾಗಿದೆ. ಆದ್ದರಿಂದ ಸಂಪರ್ಕ ಮುಗಿದ ಮೇಲೆ ಅದನ್ನು ಮುಚ್ಚಿಬಿಡುವುದು ಕ್ಷೇಮ. ಪ್ರಿಂಟರನ್ನು ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಅದರೊಳಗಿನ ಜಾಲದ ವಿವರಗಳನ್ನು ಅಳಿಸಬೇಕು.

ಲೆಕ್ಕಪತ್ರದ ದೃಷ್ಟಿಯಿಂದ

ವ್ಯಾಪಾರಕ್ಕೂ ಬಳಸುವ ಪ್ರಿಂಟರನ್ನು ಖರೀದಿಸುವಾಗ ಅಂಗಡಿಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯುಳ್ಳ ಬಿಲ್ಲನ್ನೇ ಕೇಳಿ ಪಡೆಯಬೇಕು. ಹೂಡುವಳಿ ತೆರಿಗೆ ಜಮೆ ವ್ಯಾಪಾರಕ್ಕೆ ಬಳಕೆಯಾದ ಭಾಗಕ್ಕೆ ಮಾತ್ರ ಸಲ್ಲುತ್ತದೆ, ಮಕ್ಕಳ ಓದಿಗೆ ಬಳಸಿದ ಭಾಗಕ್ಕಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆಯುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆಯೇ ಇಲ್ಲ.

ಇನ್ನೊಂದು ಎಚ್ಚರಿಕೆ ಥರ್ಮಲ್ ಕಾಗದವನ್ನು ಕುರಿತದ್ದು. ಕಾವಿನಿಂದ ಅಕ್ಷರ ಮೂಡುವ ಆ ಚೀಟಿಗಳು ಬಿಸಿಲು, ಶಾಖಗಳಿಗೆ ಮಾಸಿಹೋಗುತ್ತವೆ. ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಂಡಿರಬೇಕು. 2022-23ನೇ ಸಾಲಿನ ವಿವರಪಟ್ಟಿಯ ಕೊನೆಯ ದಿನಾಂಕ 2023ರ ಡಿಸೆಂಬರ್ 31 ಆಗಿದ್ದುದರಿಂದ ಆ ಸಾಲಿನ ಕಾಗದಗಳು 2029ರ ಡಿಸೆಂಬರ್ 31ರವರೆಗೆ ಓದುವಂತಿರಬೇಕು. ವೈ-ಫೈ ಪ್ರಿಂಟರಿನಲ್ಲಿ ಸ್ಕ್ಯಾನರ್ ಇದ್ದರೆ ಖರೀದಿಯ ಥರ್ಮಲ್ ಚೀಟಿಗಳನ್ನು ಬಂದ ದಿನವೇ ಪ್ರತಿ ತೆಗೆದು ಉಳಿಸುವುದು ಅದರ ಅತ್ಯುತ್ತಮ ಉಪಯೋಗ.

ಒಂದು ಹಾಳೆಯ ದಾಖಲೆ

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಸಂಪರ್ಕ ಮಾಡಿದ ದಿನವೇ ಒಂದು ಹಾಳೆಯಲ್ಲಿ ಜಾಲದ ಹೆಸರು, ರೂಟರಿನ ವಿಳಾಸ, ಪ್ರಿಂಟರಿನ ಮ್ಯಾಕ್ ವಿಳಾಸ, ಕಾಯ್ದಿರಿಸಿದ ಐ.ಪಿ. ವಿಳಾಸ, ಗುಪ್ತಪದಗಳು ಮತ್ತು ದಿನಾಂಕವನ್ನು ಬರೆದು, ಬೀಗದ ಪೆಟ್ಟಿಗೆಯಲ್ಲಿ ಇತರ ವ್ಯಾಪಾರದ ದಾಖಲೆಗಳೊಂದಿಗೆ ಇಡಬೇಕು. ಗುಮಾಸ್ತರಲ್ಲಿ ಅಥವಾ ಮನೆಯವರಲ್ಲಿ, ಹಗಲಿನಲ್ಲಿ ಊರಿನಲ್ಲೇ ಇರುವ ಒಬ್ಬರಿಗೆ ಇದನ್ನು ಒಮ್ಮೆ ಮಾಡಿಸಿ ಕಲಿಸಬೇಕು. ಬಿಲ್ ಬರೆಯುವುದು ಹೇಗೆ ಅಂಗಡಿಯ ಕೆಲಸವೋ ಹಾಗೆಯೇ ಬಿಲ್ ಮುದ್ರಿಸುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದೂ ಅಂಗಡಿಯದೇ ಕೆಲಸ. ಅದನ್ನು ಸಂಜೆಯ ರೈಲಿಗೆ ಬರುವವರ ಪಾಲಿಗೆ ಬಿಟ್ಟಷ್ಟೂ ಕಾಲ ಸರಕು ಬಾಗಿಲಲ್ಲಿ ಕಾಯುತ್ತಲೇ ಇರುತ್ತದೆ.